ಕೊಳ್ಳುವ ಕೈ ಕನ್ನಡದ್ದು, ಪೊಟ್ಟಣ ಯಾರದ್ದು?

(ನಂಜನಗೂಡು ತಾಲೂಕು ಬಿಳಿಗೆರೆಯಲ್ಲಿ ಕನ್ನಡದ ಗೆಳೆಯರು ಸೇರಿದ್ದ ಸಭೆಯಲ್ಲಿ ಅಚ್ಚುಕೂಟದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)

ಮೈಸೂರು, ಬೆಂಗಳೂರುಗಳಿಂದ ರಜೆ ಹಾಕಿ ಬಂದಿರುವ ಗೆಳೆಯರೇ, ನಾಳೆ ಇದನ್ನು ಬಸ್ಸಿನಲ್ಲೋ ಮೆಟ್ರೋದಲ್ಲೋ ನಿಂತುಕೊಂಡು ಓದಲಿರುವ ಕನ್ನಡದ ತರುಣ ತರುಣಿಯರೇ,

ಪಂಪ, ರನ್ನರಿಂದ ಶುರುಮಾಡಿ ಮಾತಾಡುವ ಪಾಂಡಿತ್ಯ ನನಗಿಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಅಚ್ಚುಕೂಟಕ್ಕೆ ಇಳಿದವನು ನಾನು. ಊರು ಇದೇ ಬಿಳಿಗೆರೆ, ಮೆಷಿನ್ನು ನಂಜನಗೂಡು ಪೇಟೆಯಲ್ಲಿ. ಎಂಟು ಜ್ಞಾನಪೀಠ, ಶಾಸ್ತ್ರೀಯ ಭಾಷೆಯ ಸ್ಥಾನಮಾನ, ಈಗ ಬಾನು ಮುಷ್ತಾಕ್ ಅವರ ಬೂಕರ್ — ಈ ಮಾತುಗಳನ್ನು ನವೆಂಬರ್ ಬಂತೆಂದರೆ ಎಷ್ಟು ಕರಪತ್ರಕ್ಕೆ ಅಚ್ಚು ಹಾಕುತ್ತೇನೋ ನನಗೇ ಲೆಕ್ಕವಿಲ್ಲ. ಎಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ನಾನು ಇವತ್ತು ಮಾತಾಡಲು ಬಂದಿರುವುದು ಜ್ಞಾನಪೀಠದ ಬಗ್ಗೆ ಅಲ್ಲ, ಪೊಟ್ಟಣದ ಬಗ್ಗೆ!

ನಗಬೇಡಿ. ಒಂದು ಕೆಲಸ ಮಾಡಿ. ನಿಮ್ಮ ಜೇಬು, ಚೀಲ ತಡಕಿ. ಬಿಸ್ಕತ್ತೋ, ಶಾಂಪೂ ಚೀಟಿಯೋ, ತಲೆನೋವಿನ ಗುಳಿಗೆಯೋ ಏನಾದರೊಂದು ಸಿಕ್ಕೇ ಸಿಗುತ್ತದೆ. ಹೊರಗೆ ತೆಗೆದು ಓದಿ. ಹೆಸರು ಯಾವ ಭಾಷೆಯಲ್ಲಿದೆ? ಒಳಗೆ ಏನೇನು ಹಾಕಿದ್ದಾರೆ ಎಂಬುದು ಯಾವ ಭಾಷೆಯಲ್ಲಿದೆ? ಎಷ್ಟು ದಿನದೊಳಗೆ ತಿಂದು ಮುಗಿಸಬೇಕು, ಕೆಟ್ಟಿದ್ದರೆ ಯಾರಿಗೆ ದೂರು ಕೊಡಬೇಕು — ಇದು ಯಾವ ಭಾಷೆಯಲ್ಲಿದೆ? ಇದೇ ಬಿಳಿಗೆರೆಯ ಅಂಗಡಿಯಲ್ಲಿ ಐದು ರೂಪಾಯಿ ಎಣಿಸಿ ಕೊಟ್ಟವಳು ನಮ್ಮ ಅಜ್ಜಿ. ಆ ಐದು ರೂಪಾಯಿ ಅಪ್ಪಟ ಕನ್ನಡದ ಐದು ರೂಪಾಯಿ. ಅದಕ್ಕೆ ಪ್ರತಿಯಾಗಿ ಅವಳ ಕೈಗೆ ಬಂದ ವಸ್ತು ಅವಳ ಜೊತೆ ಒಂದು ಮಾತೂ ಆಡುವುದಿಲ್ಲ. ಇದು ಯಾವ ಸೀಮೆಯ ವ್ಯಾಪಾರ ಸ್ವಾಮಿ?

ಹಿಂದೆ ಹೀಗಿರಲಿಲ್ಲ. ಪೊಟ್ಟಣ ಎಂದರೆ ಹಳೆ ಪೇಪರು, ಟ್ವೈನ್ ದಾರ. ಅಂಗಡಿಯವನೇ ಬಾಯಲ್ಲಿ ಹೇಳುತ್ತಿದ್ದ — ‘ಇದು ಹೊಸ ಬೆಲ್ಲ ಕಣವ್ವ, ಇದನ್ನ ಬಿಸಿಲಲ್ಲಿ ಒಣಗ್ಸು’. ವಸ್ತುವಿನ ವಿವರಣೆ ಅಂಗಡಿಯವನ ನಾಲಿಗೆಯ ಮೇಲೆ ಇತ್ತು, ಕನ್ನಡದಲ್ಲಿ ಇತ್ತು. ನಮ್ಮ ನಂಜನಗೂಡಿನ ಹಲ್ಲುಪುಡಿಯನ್ನೇ ನೋಡಿ. ಬಿ.ವಿ. ಪಂಡಿತರು ೧೯೧೩ರಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ಊರ ಹೆಸರನ್ನೇ ಹೊತ್ತ ಆ ಪುಡಿ ಕನ್ನಡನಾಡಿನ ಮನೆಮನೆಯ ಬಚ್ಚಲಿಗೂ ಹೋಯಿತು. ‘ಹಲ್ಲುಪುಡಿ’ ಎಂಬ ಅಚ್ಚಕನ್ನಡದ ಹೆಸರಿಟ್ಟುಕೊಂಡು ವ್ಯಾಪಾರ ಮಾಡಿದರೆ ಮಾಲು ಓಡುವುದಿಲ್ಲ ಎನ್ನುವವರು ನಮ್ಮ ಊರಿಗೆ ಒಂದು ಸಲ ಬಂದು ಹೋಗಲಿ.

ಈಗ ಅಂಗಡಿಯವನ ಬಾಯಿ ಹೋಯಿತು, ಅವನ ಜಾಗಕ್ಕೆ ಲೇಬಲ್ಲು ಬಂತು. ಬೆಂಗಳೂರಿನಲ್ಲಿರುವ ನಿಮಗಂತೂ ಅಂಗಡಿಯೂ ಇಲ್ಲ. ಫೋನು ಒತ್ತಿದರೆ ಹತ್ತು-ಹದಿನೈದು ನಿಮಿಷದಲ್ಲಿ ಹುಡುಗನೊಬ್ಬ ಬಾಗಿಲಿಗೆ ತಂದು ಎಸೆದು ಓಡುತ್ತಾನೆ. ಮಾತಿಗೇ ಜಾಗವಿಲ್ಲ. ಮಾತಾಡಬೇಕಾದ್ದು ಲೇಬಲ್ಲೊಂದೇ. ಆ ಲೇಬಲ್ಲಿಗೆ ಕನ್ನಡ ಬರುವುದಿಲ್ಲ!

ಯಾಕೆ ಬರುವುದಿಲ್ಲ? ಕಾನೂನು ಓದಿ. ಪೊಟ್ಟಣ ಕಟ್ಟಿದ ಸರಕಿಗೆ ಕೇಂದ್ರ ಸರ್ಕಾರದ ೨೦೧೧ರ ನಿಯಮಗಳಿವೆ. ತೂಕ, ಬೆಲೆ, ತಯಾರಿಸಿದವರ ಹೆಸರು ಇವೆಲ್ಲ ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಆಹಾರದ ಲೇಬಲ್ಲಿಗೂ ಅದೇ ಮಾತು. ಬೇರೆ ಭಾಷೆ ಹಾಕಬೇಡಿ ಎಂದಿಲ್ಲ, ಬೇಕಾದರೆ ಜೊತೆಗೆ ಹಾಕಿಕೊಳ್ಳಿ ಎಂದಿದೆ. ‘ಬೇಕಾದರೆ’! ೨೦೧೧ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯಿಭಾಷೆ ಎಂದು ಬರೆಸಿದವರು ೪ ಕೋಟಿ ೩೭ ಲಕ್ಷ ಜನ. ಇಷ್ಟು ಜನರ ಭಾಷೆಯನ್ನು ‘ಬೇಕಾದರೆ’ ಎಂಬ ಒಂದು ಪದದೊಳಗೆ ಸುತ್ತಿಟ್ಟಿದ್ದಾರೆ. ಕಂಪನಿಯವನಿಗೆ ಯಾಕೆ ಬೇಕಾಗುತ್ತದೆ? ನಾವು ಬೇಕು ಎಂದು ಕೇಳಿದರೆ ಬೇಕಾಗುತ್ತದೆ. ಕೇಳಿದ್ದೇವೆಯೇ?

ಒಂದು ಸಲ ಕೇಳಿದೆವು. ೨೦೨೩ರ ಮಾರ್ಚ್ ತಿಂಗಳು ನೆನಪಿರಬೇಕು. ನಂದಿನಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ದೊಡ್ಡದಾಗಿ ಹಾಕಿ, ‘ಮೊಸರು’ ಎಂಬುದನ್ನು ಕಂಸದೊಳಗೆ ಇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. ನಮ್ಮ ಹಸು, ನಮ್ಮ ಹುಲ್ಲು, ನಮ್ಮ ಹಾಲು, ನಮ್ಮ ಹೆಪ್ಪು, ಹೆಸರು ಮಾತ್ರ ದಹಿ! ಇಲ್ಲಿ ಕೂಗೆದ್ದಿತು, ತಮಿಳುನಾಡಿನಲ್ಲಿ ಅದಕ್ಕಿಂತ ಜೋರಾಗಿ ಎದ್ದಿತು. ಮಾರ್ಚ್ ೩೦ರಂದು ಪ್ರಾಧಿಕಾರ ಮಾತು ಬದಲಿಸಿ, ಮೊಸರು, ತಯಿರ್, ಪೆರುಗು ಎಂದು ಆಯಾ ಭಾಷೆಯ ಹೆಸರು ಹಾಕಬಹುದು ಎಂದಿತು. ನೋಡಿ, ಕೂಗಿದರೆ ಕೇಳಿಸುತ್ತದೆ. ಆದರೆ ಮೊಸರಿನ ಮೇಲೆ ಇದ್ದ ಒಂದು ಪದವನ್ನು ಉಳಿಸಿಕೊಂಡದ್ದಷ್ಟೇ ನಾವು ಮಾಡಿದ್ದು. ಉಳಿದ ಸಾವಿರ ಪೊಟ್ಟಣದ ಮೇಲೆ ಕನ್ನಡ ಇರಲೇ ಇಲ್ಲ, ಆದ್ದರಿಂದ ಕಳೆದುಕೊಂಡ ನೋವೂ ನಮಗಾಗಲಿಲ್ಲ.

ಬಿಸ್ಕತ್ತಿನ ವಿಷಯ ಬಿಡಿ. ಓದಲು ಬರದಿದ್ದರೂ ತಿನ್ನಬಹುದು. ಈಗ ನಾನು ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ನಮ್ಮದು ಕಬಿನಿಯ ನೀರಿನ ಸೀಮೆ. ಭತ್ತ, ಕಬ್ಬು, ಬಾಳೆ, ತರಕಾರಿ. ಔಷಧಿ ಹೊಡೆಯದೆ ಬೆಳೆ ಕೈಗೆ ಬರುವುದಿಲ್ಲ ಎಂಬ ಕಾಲಕ್ಕೆ ಬಂದು ನಿಂತಿದ್ದೇವೆ. ನಾವು ಅದನ್ನು ‘ಔಷಧಿ’ ಎನ್ನುತ್ತೇವೆ, ನೋಡಿ ಎಂಥ ವಿಚಿತ್ರ! ವಿಷಕ್ಕೆ ನಮ್ಮ ಬಾಯಲ್ಲಿ ಔಷಧಿ ಎಂಬ ಹೆಸರು. ಆ ಡಬ್ಬದ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ, ಎರಡು ತ್ರಿಕೋನವಾಗಿ ಸೀಳಿದ್ದು. ಕೆಳಗಿನ ತ್ರಿಕೋನದ ಬಣ್ಣ ಕೆಂಪಾಗಿದ್ದರೆ ಅತಿ ಘೋರ ವಿಷ. ಹಳದಿ ಆದರೆ ಹೆಚ್ಚಿನ ವಿಷ. ನೀಲಿ ಮಧ್ಯಮ. ಹಸಿರು ಕಡಿಮೆ, ಆದರೆ ಅದೂ ವಿಷವೇ. ಈ ನಾಲ್ಕು ಬಣ್ಣದ ಅರ್ಥ ಇಲ್ಲಿ ಕೂತಿರುವ ಎಷ್ಟು ಜನಕ್ಕೆ ಗೊತ್ತಿತ್ತು, ಕೈ ಎತ್ತಿ. ...ಸಾಕು, ಇಳಿಸಿ. ಹಸಿರು ಬಣ್ಣ ಇದೆ, ಗಿಡಕ್ಕೆ ಒಳ್ಳೆಯದು ಎಂದುಕೊಂಡು ಬರಿಗೈಯಲ್ಲಿ ಕಲಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಲ್ಲಿ ಕಾನೂನು ನಮ್ಮ ಪರವಾಗಿಯೇ ಇದೆ! ೧೯೭೧ರ ಕೀಟನಾಶಕ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ: ಲೇಬಲ್ಲು, ಅದರ ಜೊತೆಗಿನ ಚೀಟಿ, ಎರಡೂ ಹಿಂದಿ ಇಂಗ್ಲಿಷಿನ ಜೊತೆಗೆ ಆ ಮಾಲು ಮಾರಾಟವಾಗುವ ಸೀಮೆಯ ಒಂದೋ ಎರಡೋ ಭಾಷೆಯಲ್ಲಿ ಅಚ್ಚಾಗಿರಬೇಕು. ಇಲ್ಲಿ ‘ಬೇಕಾದರೆ’ ಇಲ್ಲ, ‘ಬೇಕು’ ಇದೆ. ಸರಿ, ಹಾಗಾದರೆ ಕನ್ನಡ ಇದೆಯೇ? ಹಲವು ಡಬ್ಬಗಳ ಜೊತೆ ಚೀಟಿ ಇರುತ್ತದೆ. ಮಡಚಿ ಮಡಚಿ ಬೆಂಕಿಪೆಟ್ಟಿಗೆ ಗಾತ್ರಕ್ಕೆ ತಂದಿರುತ್ತಾರೆ. ಬಿಡಿಸಿದರೆ ಎಂಟು ಹತ್ತು ಭಾಷೆ, ಎರೆಹುಳುವಿನ ಸಾಲಿನ ಹಾಗೆ. ನನ್ನ ಕಸುಬು ಅಕ್ಷರದ ಅಳತೆ ತಾನೇ? ಗಾಜು ಹಿಡಿದು, ಪಟ್ಟಿ ಇಟ್ಟು ನೋಡಿದೆ. ಐದು ಪಾಯಿಂಟೂ ಇಲ್ಲ. ಪುಸ್ತಕಕ್ಕೆ ನಾವು ಹನ್ನೆರಡು ಪಾಯಿಂಟು ಬಳಸುತ್ತೇವೆ, ಲಗ್ನಪತ್ರಿಕೆಗೆ ಹದಿನಾಲ್ಕು, ಹದಿನಾರು. ಇಂಗ್ಲಿಷ್ ಅಕ್ಷರ ಸಣ್ಣದಾದರೂ ಅಷ್ಟಿಷ್ಟು ಓದಬಹುದು, ಏಕೆಂದರೆ ಅದು ಒಂದೇ ಸಾಲಿನಲ್ಲಿ ನಡೆಯುತ್ತದೆ. ಕನ್ನಡಕ್ಕೆ ತಲೆಯ ಮೇಲೆ ಗುಡಿಸು, ಕಾಲಿನ ಕೆಳಗೆ ಒತ್ತು. ಐದು ಪಾಯಿಂಟಿನಲ್ಲಿ ಒತ್ತಕ್ಷರ ಎನ್ನುವುದು ಬರೀ ಶಾಯಿಯ ಚುಕ್ಕೆ. ‘ವಿಷ’ವೂ ಒಂದೇ, ‘ವಿಶೇಷ’ವೂ ಒಂದೇ!

ಗಾಳಿಗೆ ಎದುರಾಗಿ ಹೊಡೆಯಬಾರದು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು, ಮೈಗೆ ಬಿದ್ದರೆ ಏನು ಮಾಡಬೇಕು, ಹೊಟ್ಟೆಗೆ ಹೋದರೆ ಡಾಕ್ಟರು ಯಾವ ಮದ್ದು ಕೊಡಬೇಕು — ಇಷ್ಟೂ ಆ ಚೀಟಿಯಲ್ಲಿರುತ್ತದೆ. ಅಂದರೆ ಒಂದು ಜೀವದ ಬೆಲೆ ಐದು ಪಾಯಿಂಟಿನಲ್ಲಿ ಅಚ್ಚಾಗಿದೆ. ಚಿಲ್ಲರೆಯಾಗಿ ಅಳೆದು ಬಾಟಲಿಗೆ ಹುಯ್ಯಿಸಿಕೊಂಡು ಬರುವ ಬಡವನಿಗೆ ಆ ಚೀಟಿಯೂ ಇಲ್ಲ. ಅವನು ಅಂಗಡಿ ಹುಡುಗ ಬಾಯಲ್ಲಿ ಹೇಳಿದ್ದನ್ನು ನಂಬುತ್ತಾನೆ: ‘ಒಂದು ಟ್ಯಾಂಕಿಗೆ ಎರಡು ಮುಚ್ಚಳ’. ಯಾವ ಮುಚ್ಚಳ? ಯಾವ ಟ್ಯಾಂಕು?

ಆದ್ದರಿಂದ, ತರುಣರೇ, ಭಾಷೆ ಎಂದರೆ ಭಾವನೆ, ಭಾಷೆ ಎಂದರೆ ಅಭಿಮಾನ ಎಂದು ಮಾತ್ರ ಹೇಳಬೇಡಿ. ಭಾಷೆ ಎಂದರೆ ಡೋಸು. ಮೈಸೂರಿನ ಆಸ್ಪತ್ರೆಯ ಬಾಗಿಲಲ್ಲಿ ಇಂಥವರ ಮನೆಯವರು ಖಾಲಿ ಡಬ್ಬ ಹಿಡಿದುಕೊಂಡು ನಿಂತಿರುತ್ತಾರೆ, ಡಾಕ್ಟರಿಗೆ ತೋರಿಸಲು. ಡಾಕ್ಟರು ಓದುತ್ತಾರೆ. ಆದರೆ ಅದನ್ನು ಮೊದಲೇ ಓದಬೇಕಾದವನು ಒಳಗೆ ಮಲಗಿರುತ್ತಾನೆ.

ಮಾತ್ರೆಯ ಪಟ್ಟಿಯದೂ ಇದೇ ಪಾಡು. ೨೦೨೩ರ ಆಗಸ್ಟ್ ೧ರಿಂದ ೩೦೦ ಬ್ರಾಂಡಿನ ಔಷಧಿಗಳ ಮೇಲೆ ಕ್ಯೂಆರ್ ಚೌಕ ಕಡ್ಡಾಯವಾಗಿದೆ. ಫೋನು ತೋರಿಸಿದರೆ ಅಸಲಿಯೋ ನಕಲಿಯೋ ತಿಳಿಯಲಿ ಎಂದು. ಒಳ್ಳೆಯದು. ಆದರೆ ‘ಊಟವಾದ ಮೇಲೆ ನುಂಗಿ’ ಎಂಬ ಮೂರು ಪದಕ್ಕೆ ಆ ಪಟ್ಟಿಯ ಮೇಲೆ ಇವತ್ತಿಗೂ ಜಾಗವಿಲ್ಲ. ೨೦೨೪ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು, ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಲಿ ಎಂದು ಸರ್ಕಾರವನ್ನು ಕೇಳಿದರು. ಕೆಲವರು ನಕ್ಕರು. ಕೆಲವು ವೈದ್ಯರು ಬರೆದೇ ತೋರಿಸಿದರು! ಬರೆಯುವುದಕ್ಕೆ ಆಗುತ್ತದೆ ಎಂದಾಯಿತಲ್ಲ.

ಕಂಪನಿಯವರು ಹೇಳುವ ಒಂದು ನೆಪ ಇದೆ. ‘ಇಡೀ ದೇಶಕ್ಕೆ ಒಂದೇ ಹೊದಿಕೆ ಅಚ್ಚು ಹಾಕುತ್ತೇವೆ, ರಾಜ್ಯಕ್ಕೊಂದು ಮಾಡಿದರೆ ಖರ್ಚು’ ಎಂದು. ಅಚ್ಚಿನವನಾಗಿ ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಈ ಪ್ಲಾಸ್ಟಿಕ್ ಹೊದಿಕೆಗಳನ್ನು ಹೆಚ್ಚಾಗಿ ಅಚ್ಚು ಹಾಕುವುದು ಗ್ರಾವ್ಯೂರ್ ಎಂಬ ವಿಧಾನದಲ್ಲಿ. ಬಣ್ಣಕ್ಕೊಂದು ಕೊರೆದ ಉರುಳೆ. ಏಳು ಬಣ್ಣ ಇದ್ದರೆ ಏಳು ಉರುಳೆ. ಉರುಳೆ ಕೊರೆಯುವುದು ದುಬಾರಿಯೇ, ಸುಳ್ಳಲ್ಲ. ಆದರೆ ಸಣ್ಣ ಅಕ್ಷರದ ವಿವರಣೆಯೆಲ್ಲ ಸಾಮಾನ್ಯವಾಗಿ ಒಂದೇ ಬಣ್ಣದಲ್ಲಿ, ಒಂದೇ ಉರುಳೆಯಲ್ಲಿ ಇರುತ್ತದೆ. ಚಿತ್ರದ ಉರುಳೆಗಳು ಹಾಗೇ ಇರಲಿ, ಅಕ್ಷರದ ಒಂದು ಉರುಳೆ ಬದಲಿಸಿದರೆ ಭಾಷೆ ಬದಲಾಯಿತು. ಲಕ್ಷಗಟ್ಟಲೆ ಪೊಟ್ಟಣಕ್ಕೆ ಅದನ್ನು ಹಂಚಿ ನೋಡಿ, ಒಂದು ಪೊಟ್ಟಣಕ್ಕೆ ಬಿಡಿಗಾಸು. ಇದೇ ದೇಶದ ಸರಕು ಕೊಲ್ಲಿ ದೇಶಗಳಿಗೆ ಹೋಗುವಾಗ ಮೈಮೇಲೆ ಅರಬ್ಬಿ ಬರೆಸಿಕೊಂಡು ಹೋಗುತ್ತದೆ. ಕೆನಡಾಕ್ಕೆ ಹೋಗುವಾಗ ಫ್ರೆಂಚು. ಅಲ್ಲಿ ಖರ್ಚಿನ ಮಾತು ಬರುವುದಿಲ್ಲ, ಏಕೆಂದರೆ ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ. ಕನ್ನಡನಾಡಿಗೆ ಮಾತ್ರ ಬಂದರಿಲ್ಲ, ಬಾಗಿಲಿಲ್ಲ, ಅಗುಳಿಯಿಲ್ಲ!

೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಅದರ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎಂದು. ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಅದಕ್ಕೆ ಆಧಾರ. ನಂಜನಗೂಡು ಎಂದರೆ ಈಗ ಬರೀ ನಂಜುಂಡೇಶ್ವರ, ರಸಬಾಳೆ ಅಲ್ಲ, ಕೈಗಾರಿಕಾ ಪ್ರದೇಶ. ನೆಸ್ಲೆ ಕಾರ್ಖಾನೆ ೧೯೮೯ರಿಂದ ಇಲ್ಲಿದೆ. ಇನ್ನೂ ಎಷ್ಟೋ ಇವೆ. ನಮ್ಮ ಕಪಿಲೆಯ ಸೀಮೆಯಲ್ಲಿ ನಿಂತು ಮಾಡಿದ ಸರಕು ನಮ್ಮ ಮಾತಿನಲ್ಲಿ ಹೆಸರು ಹೇಳಲಿ ಎಂಬುದು ದೊಡ್ಡ ಬೇಡಿಕೆಯೇ? ಆದೇಶ ಬಂದಿದೆ ಎಂದು ಪಟಾಕಿ ಹೊಡೆದು ಮನೆಗೆ ಹೋಗಬೇಡಿ. ಪಟ್ಟಿ ಹಿಡಿದು ಅಂಗಡಿಗೆ ಹೋಗಿ. ಇಲ್ಲೇ ತಯಾರಾದದ್ದು ಎಂದು ವಿಳಾಸ ಇರುವ ಸರಕುಗಳಲ್ಲಿ ಎಷ್ಟರ ಮೇಲೆ ಕನ್ನಡ ಬಂದಿದೆ, ಎಷ್ಟರ ಮೇಲೆ ಬಂದಿಲ್ಲ, ಬರೆದುಕೊಳ್ಳಿ. ಈ ಕೆಲಸಕ್ಕೆ ಘೋಷಣೆ ಬೇಡ, ಪೆನ್ನು ಸಾಕು.

ಈಗ ನಿಮಗೆ ಇಷ್ಟವಾಗದ ಒಂದು ಮಾತು. ೨೦೨೩ರ ಡಿಸೆಂಬರ್ ೨೭ರಂದು ಬೆಂಗಳೂರಿನಲ್ಲಿ ನಾಮಫಲಕದ ಹೋರಾಟ ನಡೆಯಿತು. ೨೦೨೪ರ ಫೆಬ್ರವರಿಯಲ್ಲಿ ಶಾಸನಸಭೆ ತಿದ್ದುಪಡಿ ಒಪ್ಪಿತು: ಬೋರ್ಡಿನ ಮೇಲ್ಭಾಗದಲ್ಲಿ ಶೇಕಡಾ ೬೦ ಕನ್ನಡ. ಆ ದಿನಗಳಲ್ಲಿ ನಮ್ಮಂಥ ಅಚ್ಚಿನವರಿಗೆ, ಫ್ಲೆಕ್ಸಿನವರಿಗೆ ನಿದ್ದೆ ಇರಲಿಲ್ಲ, ಅಷ್ಟು ಕೆಲಸ. ಹೋರಾಟದ ಫಲ ನನ್ನ ಗಲ್ಲಾಪೆಟ್ಟಿಗೆಗೂ ಬಿತ್ತು, ಮುಚ್ಚಿಡುವುದಿಲ್ಲ. ಆದರೆ ಬಂದ ಕನ್ನಡ ಎಂಥದು? ಒಬ್ಬರು ಫೋನಿನಲ್ಲಿ ಅನುವಾದ ಮಾಡಿಕೊಂಡು ಬಂದಿದ್ದರು. ‘ಬಳಸುವ ಮೊದಲು ಚೆನ್ನಾಗಿ ಅಲುಗಾಡಿಸಿ’ ಎಂದು ಇರಬೇಕಾದಲ್ಲಿ ‘ಬಳಸುವ ಮೊದಲು ಬಾವಿಯನ್ನು ಅಲುಗಾಡಿಸಿ’! ಇಂಗ್ಲಿಷಿನ ‘ವೆಲ್’ ಇವರ ಯಂತ್ರಕ್ಕೆ ಬಾವಿಯಾಗಿದೆ. ‘ಹೀಗೆ ಹಾಕಬಾರದು ಸ್ವಾಮಿ’ ಎಂದರೆ, ‘ಏನೋ ಒಂದು ಕನ್ನಡ ಇರಲಿ ಬಿಡ್ರಿ, ನಾಳೆ ಗಲಾಟೆ ಮಾಡ್ತಾರೆ’ ಎಂದರು. ಏನೋ ಒಂದು ಕನ್ನಡ! ಇದು ಹೆದರಿಕೆಯ ಕನ್ನಡ. ಓದುವವನಿಗಾಗಿ ಬರೆದದ್ದಲ್ಲ, ಕಲ್ಲು ಹೊಡೆಯುವವನಿಗಾಗಿ ಬರೆದದ್ದು. ನೀವು ಬೋರ್ಡು ಎಣಿಸುವಾಗ ಶೇಕಡಾ ಅಳೆಯುತ್ತೀರಿ, ಕಾಗುಣಿತ ನೋಡುತ್ತೀರಾ?

ಅಪ್ಪನ ಕಾಲದಲ್ಲಿ ಸೀಸದ ಮೊಳೆಗಳು. ಕನ್ನಡಕ್ಕೆ ನೂರಾರು ಗೂಡಿನ ಕೇಸು ಬೇಕು, ಒತ್ತಕ್ಷರಕ್ಕೇ ಬೇರೆ ಸಾಲು. ಮೊಳೆ ಜೋಡಿಸುವವರು ನಾಲ್ಕನೇ ಕ್ಲಾಸು ಓದಿದವರು, ಆದರೆ ಅವರ ಕೈಯಲ್ಲಿ ‘ಹಾರ್ದಿಕ’ ಎಂಬುದು ‘ಹಾರ್ಧಿಕ’ ಆಗಲು ಬಿಡುತ್ತಿರಲಿಲ್ಲ. ಪ್ರೂಫು ತೆಗೆದು, ತಿದ್ದಿ, ಮತ್ತೆ ತೆಗೆದು ಆಮೇಲೆ ಟ್ರೆಡಲ್ ತುಳಿಯುತ್ತಿದ್ದರು. ಈಗ ಕರಡು ತಿದ್ದುವವನು ಎಂಬ ಜಾತಿಯೇ ಮಾಯವಾಗಿದೆ. ಎಷ್ಟೋ ಬೋರ್ಡುಗಳಲ್ಲಿ ನೋಡಿ, ‘ಸಂಸ್ಥೆ’ ಎಂಬುದು ‘ಸಂಸ್‌ಥೆ’ ಎಂದು ಒಡೆದುಕೊಂಡು ಬಿದ್ದಿರುತ್ತದೆ. ಚಿತ್ರ ಮಾಡುವ ತಂತ್ರಾಂಶದಲ್ಲಿ ಭಾರತೀಯ ಲಿಪಿ ಜೋಡಿಸುವ ಆಯ್ಕೆಯೊಂದಿದೆ, ಅದನ್ನು ಒತ್ತದಿದ್ದರೆ ಒತ್ತಕ್ಷರ ಹೀಗೇ ಮುರಿಯುತ್ತದೆ. ಒಂದು ಗುಂಡಿ ಒತ್ತುವ ಕೆಲಸ! ಇನ್ನೊಂದು ಕಡೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿರುತ್ತದೆ. ಅಣ್ಣಾವ್ರ ಹೆಸರನ್ನೇ ಹೀಗೆ ಹೊಸೆದು ಅವರ ಹುಟ್ಟುಹಬ್ಬಕ್ಕೆ ಫ್ಲೆಕ್ಸು ಕಟ್ಟುತ್ತೇವೆ. ಗೋಕಾಕ್ ಚಳವಳಿಗೆ ಬೀದಿಗಿಳಿದವರಿಗೆ ನಾವು ಸಲ್ಲಿಸುವ ಗೌರವ ಇದು.

ಯಂತ್ರದ ಅನುವಾದ ನಂಬುವವರಿಗೆ ಇನ್ನೊಂದು ಕಥೆ ಇದೆ. ೨೦೨೫ರ ಜುಲೈನಲ್ಲಿ ಬಿ. ಸರೋಜಾದೇವಿಯವರು ತೀರಿಕೊಂಡಾಗ, ಆಗ ಮುಖ್ಯಮಂತ್ರಿಯಾಗಿದ್ದ ನಮ್ಮ ಸೀಮೆಯವರೇ ಆದ ಸಿದ್ದರಾಮಯ್ಯನವರ ಕಡೆಯಿಂದ ಕನ್ನಡದಲ್ಲಿ ಸಂತಾಪದ ಬರಹ ಬಂತು. ಫೇಸ್‌ಬುಕ್ಕಿನ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಸಿದ್ದರಾಮಯ್ಯನವರನ್ನೇ ಸಾಯಿಸಿಬಿಟ್ಟಿತು! ಅವರು ಪತ್ರ ಬರೆದು ಪ್ರತಿಭಟಿಸಿದರು, ಮೆಟಾ ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಗೆ ಕ್ಷಮೆ ಕೇಳುತ್ತಾರೆ. ಬಿಳಿಗೆರೆಯ ರೈತನ ಡಬ್ಬದ ಮೇಲೆ ಇಂಥದೇ ಅನುವಾದ ಬಂದರೆ ಯಾರು ಕೇಳುತ್ತಾರೆ? ಯಂತ್ರ ಕನ್ನಡ ಕಲಿಯುವುದು ನಾವು ಬರೆದದ್ದನ್ನು ಓದಿ. ನಾವು ಬರೆಯದಿದ್ದರೆ ಅದು ಎಲ್ಲಿಂದ ಕಲಿಯುತ್ತದೆ?

ಹೀಗೆ ಹೇಳುತ್ತಾ ನಿಮ್ಮ ಜೇಬಿನ ಫೋನಿಗೇ ಬಂದುಬಿಟ್ಟೆ. ನಿಮ್ಮಲ್ಲಿ ತುಂಬ ಜನ ಕನ್ನಡ ಅಕ್ಷರದ ಟೀಶರ್ಟು ಹಾಕಿದ್ದೀರಿ. ಚೆನ್ನಾಗಿದೆ, ಕೆಲವು ಅಕ್ಷರ ವಿನ್ಯಾಸ ನಿಜಕ್ಕೂ ಅದ್ಭುತ, ಕಸುಬುದಾರನಾಗಿ ಹೇಳುತ್ತೇನೆ. ಆದರೆ ಎದೆಯ ಮೇಲೆ ಕನ್ನಡ, ಜೇಬಿನೊಳಗೆ ಇಂಗ್ಲಿಷು! ಅಮ್ಮನಿಗೆ ‘ಊಟ ಆಯ್ತಾ’ ಎಂದು ಕಳಿಸುವುದೂ ಇಂಗ್ಲಿಷ್ ಅಕ್ಷರದಲ್ಲಿ. ಅಮ್ಮ ಓದಿರುವುದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಅವಳು ಪಕ್ಕದ ಮನೆ ಹುಡುಗನ ಕೈಲಿ ಓದಿಸಿಕೊಳ್ಳುತ್ತಾಳೆ.

‘ಕನ್ನಡದಲ್ಲಿ ಬರೆಯುವುದು ಕಷ್ಟ ಅಣ್ಣಾ’ ಎನ್ನಬೇಡಿ. ಕಷ್ಟಪಟ್ಟವರು ಬೇರೆ ಇದ್ದಾರೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂದರು, ಆಮೇಲೆ ಗಣಕ ಪರಿಷತ್ತಿನ ‘ನುಡಿ’ ಬಂತು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಜಾಗ ಸಿಕ್ಕಿತ್ತು. ಆದರೂ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡಲು ೨೦೧೨ರ ೪.೧ ಆವೃತ್ತಿ ಬರಬೇಕಾಯಿತು, ಅಲ್ಲಿಯವರೆಗೆ ಬರೀ ಚೌಕದ ಸಾಲು. ವಿ. ಕೃಷ್ಣ ಎಂಬವರು ಹತ್ತಾರು ವರ್ಷ ಒಬ್ಬರೇ ಕೂತು ಕಟ್ಟಿದ ‘ಅಲರ್’ ನಿಘಂಟು ೨೦೧೯ರಿಂದ ನಿಮಗೆ ಪುಕ್ಕಟೆಯಾಗಿ ಸಿಗುತ್ತಿದೆ. ಇಷ್ಟು ಜನ ರಸ್ತೆ ಹಾಕಿ ಕೊಟ್ಟ ಮೇಲೆ, ನಡೆಯುವುದಕ್ಕೂ ಸೋಮಾರಿತನವೇ?

೨೦೨೧ರ ಜೂನಿನಲ್ಲಿ ಗೂಗಲ್ಲಿನ ಹುಡುಕಾಟದಲ್ಲಿ ಕನ್ನಡವನ್ನು ಕುರೂಪಿ ಭಾಷೆ ಎಂದು ತೋರಿಸಿದಾಗ ನಾಡೇ ಕೆರಳಿತು, ಅವರು ಕ್ಷಮೆ ಕೇಳಿದರು. ಕೆರಳಿದ್ದು ಸರಿಯೇ. ಆದರೆ ಮಾರನೆಯ ದಿನ ಅದೇ ಗೂಗಲ್ಲಿನಲ್ಲಿ ಎಷ್ಟು ಜನ ಕನ್ನಡದಲ್ಲಿ ಹುಡುಕಿದೆವು? ಕಂಪನಿಯವರು ನಮ್ಮ ಧಿಕ್ಕಾರವನ್ನು ಎಣಿಸುವುದಿಲ್ಲ. ಎಷ್ಟು ಫೋನು ಕನ್ನಡದ ಆಯ್ಕೆಯಲ್ಲಿ ನಡೆಯುತ್ತಿವೆ ಎಂದು ಎಣಿಸುತ್ತಾರೆ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ೨೦೨೦ರಲ್ಲಿ ಕನ್ನಡ ತಂದವು. ಪ್ರೀತಿಯಿಂದಲ್ಲ, ವ್ಯಾಪಾರಕ್ಕೆ. ೨೦೨೪ರಲ್ಲಿ ಫೋನ್‌ಪೇ ಡಬ್ಬಿ ಕಿಚ್ಚ ಸುದೀಪರ ದನಿಯಲ್ಲಿ ದುಡ್ಡು ಬಂತು ಎಂದು ಕೂಗತೊಡಗಿತು. ಟೀ ಅಂಗಡಿಯಲ್ಲಿ ಆ ದನಿ ಕೇಳಿದಾಗ ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ದುಡ್ಡು ಬರುವಾಗ ಕನ್ನಡ ಮಾತ್ರ ಬರುತ್ತದೆ ನೋಡಿ! ದುಡ್ಡು ಹೋದಾಗ?

ದುಡ್ಡು ಹೋದಾಗ ಇಂಗ್ಲಿಷು. ಹಳ್ಳಿಯ ಹಿರಿಯರ ಖಾತೆಯಿಂದ ಕಳ್ಳರು ಹಣ ಎಗರಿಸುವುದು ಹೇಗೆ? ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ. ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂದು ಅದರಲ್ಲೇ ಬರೆದಿರುತ್ತದೆ. ಓದಲು ಬಾರದವರು ಫೋನು ಮಾಡಿದ ಕಳ್ಳನಿಗೇ ಅಂಕಿ ಓದಿ ಹೇಳುತ್ತಾರೆ. ನಮ್ಮ ನೆಂಟರೊಬ್ಬರು ಹೀಗೇ ಭತ್ತ ಮಾರಿದ ಹಣ ಕಳೆದುಕೊಂಡರು. ಫಾರಂ, ಪಾಸ್‌ಬುಕ್ಕುಗಳಂಥ ಅಚ್ಚಿನ ಸಾಮಗ್ರಿಗಳೆಲ್ಲ ಇಂಗ್ಲಿಷ್, ಹಿಂದಿ, ಆ ಪ್ರದೇಶದ ಭಾಷೆ ಮೂರರಲ್ಲೂ ಸಿಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕೌಂಟರಿನಲ್ಲಿ ಕೇಳಿ ನೋಡಿ, ‘ಸ್ಟಾಕ್ ಇಲ್ಲ’. ಆದರೆ ಕೇಳಿದವರು ಗೆದ್ದ ಉದಾಹರಣೆಯೂ ಇದೆ. ಹುಬ್ಬಳ್ಳಿಯ ಒಬ್ಬ ಮೇಷ್ಟ್ರು ಕನ್ನಡದಲ್ಲಿ ಚೆಕ್ಕು ಬರೆದಿದ್ದರು, ಕನ್ನಡ ಅಂಕಿಯಲ್ಲಿ. ಸ್ಟೇಟ್ ಬ್ಯಾಂಕಿನವರು ಅಂಕಿಯನ್ನು ತಪ್ಪು ಓದಿ ವಾಪಸು ಮಾಡಿದರು. ಮೇಷ್ಟ್ರು ಬಿಡಲಿಲ್ಲ. ೨೦೨೨ರಲ್ಲಿ ಧಾರವಾಡದ ಗ್ರಾಹಕರ ಆಯೋಗ ಬ್ಯಾಂಕಿಗೆ ಹಾಕಿದ ದಂಡ ೮೫,೧೭೭ ರೂಪಾಯಿ! ಒಂದು ಕನ್ನಡ ಅಂಕಿ ತಪ್ಪು ಓದಿದ್ದಕ್ಕೆ. ಅಂಕಿ ಬಳಸಿದರೆ ತಾನೇ ಓದಲು ಕಲಿಯುತ್ತಾರೆ?

ಲಗ್ನಪತ್ರಿಕೆಯ ಬಗ್ಗೆ ಅಚ್ಚಿನವನು ಅಳಬಾರದು, ಸ್ವಾರ್ಥ ಎನ್ನುತ್ತಾರೆ. ಸಾವಿರ ಹಾಕಿಸುತ್ತಿದ್ದವರು ಈಗ ನೂರು ಹಾಕಿಸುತ್ತಾರೆ, ಉಳಿದದ್ದು ವಾಟ್ಸಾಪ್ ವಿಡಿಯೋ. ಕಾಲದ ಓಟ, ಆಗಲಿ. ನಾನೂ ಈಗ ಆ ವಿಡಿಯೋ ಮಾಡಿಕೊಡುತ್ತೇನೆ. ಆದರೆ ಒಂದು ಗಮನಿಸಿದ್ದೇನೆ. ಕಾಗದದ್ದು ಕನ್ನಡದಲ್ಲಿ, ವಿಡಿಯೋ ಇಂಗ್ಲಿಷಿನಲ್ಲಿ. ಕಾಗದ ಊರಿನವರಿಗಂತೆ, ವಿಡಿಯೋ ಆಫೀಸಿನವರಿಗಂತೆ. ಮನೆದೇವರು ಕನ್ನಡದ ಪತ್ರಿಕೆಯಲ್ಲಿ ಮಾತ್ರ ಇರುತ್ತಾನೆ, ವಿಡಿಯೋಗೆ ಅವನನ್ನು ಕರೆಯುವುದೇ ಇಲ್ಲ.

ಈಗ ಮಾತು ಬಿಟ್ಟು ಕೆಲಸಕ್ಕೆ ಬರೋಣ. ಗ್ರಾಹಕರ ಸಹಾಯವಾಣಿ ೧೯೧೫ ಹದಿನೇಳು ಭಾಷೆಯಲ್ಲಿ ಇದೆ, ಕನ್ನಡವೂ ಒಂದು. ಲೇಬಲ್ಲಿನ ದೂರನ್ನು ಅಲ್ಲಿಗೆ ಕನ್ನಡದಲ್ಲೇ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಂಗಳೂರಿನವರು ಈ ಕೆಲಸ ಮಾಡಿ, ನಿಮಗೆ ಫೋನಿನಲ್ಲಿ ಕಾಯುವ ಅಭ್ಯಾಸ ಇದೆ.

ಬಿಳಿಗೆರೆಯ ಕೆಲಸ ಬೇರೆ. ನಮ್ಮ ಹೋಬಳಿಯ ಗೊಬ್ಬರದಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ಇಪ್ಪತ್ತು ಕೀಟನಾಶಕಗಳ ಚೀಟಿಗಳನ್ನು ನನಗೆ ತಂದುಕೊಡಿ. ಖಾಲಿ ಡಬ್ಬ ಮುಟ್ಟಬೇಡಿ, ಚೀಟಿ ಮಾತ್ರ. ಕೃಷಿ ಇಲಾಖೆಯ ಅಧಿಕಾರಿಗಳ ಹತ್ತಿರ ಕೂತು ಪ್ರತಿ ಸಾಲನ್ನೂ ಸರಿನೋಡುವ ಇಬ್ಬರು ಬೇಕು, ಕೃಷಿ ಪದವಿ ಓದಿದವರು ಇದ್ದರೆ ಇನ್ನೂ ಒಳ್ಳೆಯದು. ಫೋನಿನ ಅನುವಾದ ಬೇಡ, ಬಾವಿ ಅಲುಗಾಡಿಸುವುದು ಬೇಡ! ನಾಲ್ಕು ತ್ರಿಕೋನವನ್ನು ಅದೇ ಬಣ್ಣದಲ್ಲಿ ಮೇಲೆ ಹಾಕುತ್ತೇನೆ, ಕೆಳಗೆ ಇಪ್ಪತ್ತನಾಲ್ಕು ಪಾಯಿಂಟಿನಲ್ಲಿ ಕನ್ನಡ, ಕನ್ನಡಕ ಇಲ್ಲದವರೂ ಓದುವಂತೆ. ಅಚ್ಚಿನ ಕೂಲಿ ನನ್ನದು, ಕಾಗದದ ಖರ್ಚು ನಿಮ್ಮದು. ಅಂಗಡಿಯವರು ಗೋಡೆಗೆ ಅಂಟಿಸಲು ಒಪ್ಪಬೇಕು, ಮೂವರ ಹತ್ತಿರ ಮಾತಾಡಿದ್ದೇನೆ, ಇಬ್ಬರು ಒಪ್ಪಿದ್ದಾರೆ. ಮೂರನೆಯವರ ಹತ್ತಿರ ನಾಳೆ ಬೆಳಿಗ್ಗೆ ನಾಲ್ಕೈದು ಜನ ಒಟ್ಟಿಗೆ ಹೋಗೋಣ, ಜಗಳಕ್ಕಲ್ಲ. ಬರುವವರು ಈಗ ಊಟಕ್ಕೆ ಕೂರುವ ಮೊದಲು ನನ್ನ ಹತ್ತಿರ ಹೆಸರು ಬರೆಸಿ.